ಹತ್ತು ಮಕ್ಕಳ ಲೆಕ್ಕ

ತಮಿಳುನಾಡಿನಲ್ಲಿದ್ದು ಕನ್ನಡ ಶಾಲೆ ಕೇಳಲು ನಮಗೇನು ಹಕ್ಕು ಎಂದು ಕೆಲವು ಪೋಷಕರು ಹಿಂಜರಿಯುತ್ತೀರಿ. ಸ್ವಾತಂತ್ರ್ಯ ಬಂದು ಮೂರು ವರ್ಷ ತುಂಬುವ ಮೊದಲೇ ದೇಶ ಇದಕ್ಕೆ ಉತ್ತರ ಕೊಟ್ಟಿದೆ. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 29ನೇ ವಿಧಿ ನಮ್ಮ ಭಾಷೆ, ಲಿಪಿ ಉಳಿಸಿಕೊಳ್ಳುವ ಹಕ್ಕು ಕೊಟ್ಟಿತು. ಭಾಷಾ ಅಲ್ಪಸಂಖ್ಯಾತರು ತಮ್ಮ ಶಾಲೆ ತೆರೆಯಬಹುದೆಂದು 30ನೇ ವಿಧಿ ಹೇಳಿತು.

ಆದರೆ ಕೂಲಿ ಮಾಡುವವರು ಶಾಲೆ ಕಟ್ಟುವುದೆಲ್ಲಿ ಬಂತು? 1956ರಲ್ಲಿ ಭಾಷಾವಾರು ರಾಜ್ಯಗಳಾದವು. ನಮ್ಮ ಹೊಸೂರು, ಜೂಜುವಾಡಿ ಮದರಾಸು ರಾಜ್ಯದಲ್ಲೇ ಉಳಿದವು. ಇಂಥವರಿಗಾಗಿಯೇ ಏಳನೇ ತಿದ್ದುಪಡಿಯಲ್ಲಿ 350ಎ ವಿಧಿ ಸೇರಿತು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಸೌಕರ್ಯ ಒದಗಿಸಲು ರಾಜ್ಯವೂ ಸ್ಥಳೀಯ ಸಂಸ್ಥೆಯೂ ಪ್ರಯತ್ನಿಸಬೇಕು ಎನ್ನುತ್ತದೆ ಅದು. ‘ಪ್ರಯತ್ನ’ ಎಂಬ ಮಾತು ನನಗೆಂದೂ ಸಮಾಧಾನ ತಂದಿಲ್ಲ. ಕೇಳುವವರಿಲ್ಲದಿದ್ದರೆ ಪ್ರಯತ್ನವೂ ಇಲ್ಲ.

ಕೇಳಲು ಕೈಯಲ್ಲಿ ಲೆಕ್ಕವಿರಬೇಕು. ಶಾಲೆಯಲ್ಲಿ 40 ಅಥವಾ ತರಗತಿಯಲ್ಲಿ 10 ಮಕ್ಕಳಿದ್ದರೆ ಆ ಭಾಷೆಯ ಒಬ್ಬ ಶಿಕ್ಷಕರನ್ನಾದರೂ ನೇಮಿಸಬೇಕೆಂದು 1949ರ ಆಗಸ್ಟ್‌ನಲ್ಲೇ ಪ್ರಾಂತ್ಯಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನ ನಿರ್ಣಯಿಸಿತ್ತು. ನಿಮ್ಮ ಒಂದು ಮಗು ಬಿಟ್ಟುಹೋದರೆ ಹತ್ತು ಒಂಬತ್ತಾಗುತ್ತದೆ. ಉಳಿದ ಒಂಬತ್ತು ಮಕ್ಕಳ ಮೇಷ್ಟರೂ ಹೋಗುತ್ತಾರೆ.

ತಮಿಳು ಬೇಡವೆನ್ನುತ್ತಿಲ್ಲ. ಎರಡೂ ಓದಿದವನು ನಾನು. 2006ರ ಕಾಯ್ದೆ ಹೇಳುವ ತಮಿಳನ್ನು ಮಕ್ಕಳು ಚೆನ್ನಾಗಿಯೇ ಕಲಿಯಲಿ. ಲೆಕ್ಕ, ವಿಜ್ಞಾನ ಮಾತ್ರ ಮನೆಮಾತಿನಲ್ಲಿ ತಲೆಗೆ ಹತ್ತಲಿ.

ದಾಖಲಾತಿ ಅರ್ಜಿಯಲ್ಲಿ ಮಾತೃಭಾಷೆ ಕನ್ನಡವೆಂದು ಬರೆದಿದೆಯೇ ನೋಡಿ. ಶಿಕ್ಷಕರ ಹುದ್ದೆ ಖಾಲಿಯಿದ್ದರೆ ಎಲ್ಲರೂ ಸಹಿ ಹಾಕಿದ ಮನವಿಯನ್ನು ಶಿಕ್ಷಣ ಇಲಾಖೆಗೆ ಕೊಡಿ, ಇನ್ನೊಂದು ಪ್ರತಿ ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೆ ಹೋಗಲಿ. ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಡಬೇಡಿ.