ಗಿರವಿಗೆ ಹೋದ ಒಡೆತನ

ಷೇರು ಕೊಳ್ಳುವ ಗೃಹಸ್ಥನು ಮೊದಲು ವಿಚಾರಿಸುವುದು ಬೆಲೆಯನ್ನು, ಅನಂತರ ಲಾಭಾಂಶವನ್ನು. ಆ ಕಂಪೆನಿಯಲ್ಲಿ ತನ್ನೊಡನೆ ಪಾಲುಗಾರರಾಗಿರುವವರು ಯಾರು ಎಂದು ಕೇಳುವವರು ವಿರಳ. ಹೆಣ್ಣು ಕೊಡುವಾಗ ವರನ ಮನೆತನವನ್ನು ಏಳು ತಲೆಮಾರಿನವರೆಗೆ ಜಾಲಾಡುವ ಜನರು, ಕೂಡಿಟ್ಟ ಹಣವನ್ನು ಕೊಡುವಾಗ ಅದರ ಕಾಲುಭಾಗ ಶ್ರಮವನ್ನೂ ವಹಿಸದಿರುವುದು ವಿಚಿತ್ರವೇ ಸರಿ.

ಪಾಲುಗಾರರ ವಿವರ ಗುಟ್ಟಾದುದೇನೂ ಅಲ್ಲ. ಷೇರುಪೇಟೆಯಲ್ಲಿ ಹೆಸರು ದಾಖಲಾದ ಪ್ರತಿಯೊಂದು ಕಂಪೆನಿಯೂ ಮೂರು ತಿಂಗಳಿಗೊಮ್ಮೆ ಅದನ್ನು ಪ್ರಕಟಿಸಲೇಬೇಕು. ಪಟ್ಟಿಯ ಮೊದಲಲ್ಲಿ ಪ್ರವರ್ತಕರು, ಎಂದರೆ ಕಂಪೆನಿಯನ್ನು ಹುಟ್ಟುಹಾಕಿ ಒಳಗಿದ್ದು ನಡೆಸುವವರು. ಅನಂತರ ಸಂಸ್ಥೆಗಳು: ಜೀವ ವಿಮಾ ನಿಗಮ, ಮ್ಯೂಚುವಲ್ ಫಂಡುಗಳು, ವಿದೇಶೀ ಹೂಡಿಕೆದಾರರು. ಉಳಿದುದರಲ್ಲಿ ಸಾಮಾನ್ಯ ಜನರು. ಪ್ರವರ್ತಕರ ಪಾಲು ದೊಡ್ಡದಾಗಿದ್ದರೆ ಕಂಪೆನಿ ಮುಳುಗುವಾಗ ಅವರೂ ಮುಳುಗಬೇಕಾದುದರಿಂದ ಎಚ್ಚರದಿಂದ ನಡೆಸಿಯಾರೆಂಬುದು ಪೇಟೆಯ ನಂಬಿಕೆ. ಸಂಸ್ಥೆಗಳ ಪಾಲು ದೊಡ್ಡದಾಗಿದ್ದರೆ, ಲೆಕ್ಕ ಬಲ್ಲವರು ಕಾವಲಿಗಿದ್ದಾರೆಂಬ ಧೈರ್ಯ. ಈ ಎರಡು ನಂಬಿಕೆಗಳಿಗೂ ಒಂದೇ ಕಾಲದಲ್ಲಿ ಪೆಟ್ಟು ಬಿದ್ದುದು ಹೈದರಾಬಾದಿನ ಸತ್ಯಂ ಕಂಪ್ಯೂಟರ್ ಸರ್ವೀಸಸ್ ಕಂಪೆನಿಯಲ್ಲಿ.

1987ರಲ್ಲಿ ಹುಟ್ಟಿದ ಈ ಕಂಪೆನಿಯಲ್ಲಿ ಸ್ಥಾಪಕ ಬಿ. ರಾಮಲಿಂಗರಾಜು ಮತ್ತು ಅವರ ಕುಟುಂಬದವರ ಪಾಲು 2001ರಲ್ಲಿ ಸುಮಾರು ಕಾಲುಭಾಗವಿತ್ತು. ವರ್ಷದಿಂದ ವರ್ಷಕ್ಕೆ ಅದು ಕರಗುತ್ತ ಬಂದು 2008ರ ಹೊತ್ತಿಗೆ ನೂರಕ್ಕೆ 9ಕ್ಕಿಂತಲೂ ಕಡಿಮೆಯಾಯಿತು. ಅರ್ಧಕ್ಕಿಂತ ಹೆಚ್ಚು ಷೇರುಗಳು ಸ್ವದೇಶ ವಿದೇಶಗಳ ಸಂಸ್ಥೆಗಳ ವಶದಲ್ಲಿದ್ದವು. ಆದರೂ ಕಂಪೆನಿಯನ್ನು ಆಳುತ್ತಿದ್ದವರು ರಾಜು ಅವರೇ. ಪಟ್ಟಿ ಪ್ರಕಟವಾಗುತ್ತಲೇ ಇತ್ತು. ಒಳಗಿನವರು ಹೊರಗೆ ನಡೆಯುತ್ತಿರುವುದೇಕೆಂದು ಕೇಳಿದವರು ಕಡಿಮೆ. 2008ರ ಸೆಪ್ಟೆಂಬರಿನಲ್ಲಿ ಉತ್ತಮ ಆಡಳಿತಕ್ಕಾಗಿ ‘ಗೋಲ್ಡನ್ ಪೀಕಾಕ್’ ಪ್ರಶಸ್ತಿಯೂ ಕಂಪೆನಿಗೆ ಸಂದಿತು!

ಅದೇ ವರ್ಷ ಡಿಸೆಂಬರ್ 16ರಂದು ನಿರ್ದೇಶಕ ಮಂಡಲಿಯು ಒಂದು ತೀರ್ಮಾನವನ್ನು ಹೊರಗೆಡಹಿತು. ರಾಜು ಕುಟುಂಬಕ್ಕೇ ಸಂಬಂಧಿಸಿದ ಎರಡು ಮೇಟಾಸ್ ಕಂಪೆನಿಗಳನ್ನು 160 ಕೋಟಿ ಡಾಲರುಗಳಿಗೆ ಸತ್ಯಂ ಕೊಳ್ಳುವುದಂತೆ. ಇಂಗ್ಲಿಷಿನಲ್ಲಿ ‘ಸತ್ಯಂ’ ಎಂದು ಬರೆದು ಹಿಂದುಮುಂದಾಗಿ ಓದಿದರೆ ‘ಮೇಟಾಸ್’ ಆಗುವುದು. ಹೆಸರಿಟ್ಟವರಿಗೆ ಹಾಸ್ಯಪ್ರಜ್ಞೆ ಇದ್ದಿರಬೇಕು. ತಂತ್ರಾಂಶದ ಕಂಪೆನಿಗೆ ಭೂಮಿ ಕಟ್ಟಡಗಳ ವ್ಯವಹಾರವೇಕೆ, ಅದೂ ಒಡೆಯರ ಮನೆಯ ಸರಕೇ ಏಕೆ ಎಂದು ಸಂಸ್ಥೆಗಳ ಹೂಡಿಕೆದಾರರು ಸಿಡಿದೆದ್ದರು. ನ್ಯೂಯಾರ್ಕಿನ ಪೇಟೆಯಲ್ಲಿ ಸತ್ಯಂ ಬೆಲೆ ಒಂದೇ ದಿನದಲ್ಲಿ ಅರ್ಧಕ್ಕಿಂತ ಕೆಳಗಿಳಿಯಿತು. ಮರುದಿನ ಭಾರತದ ಪೇಟೆ ಬಾಗಿಲು ತೆರೆಯುವ ಮೊದಲೇ ತೀರ್ಮಾನ ರದ್ದಾಯಿತು. ದೊಡ್ಡ ಷೇರುದಾರರು ಮನಸ್ಸು ಮಾಡಿದರೆ ಏನಾಗಬಲ್ಲುದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆದರೆ ಹೆಬ್ಬಾಗಿಲಲ್ಲಿ ಕಳ್ಳನನ್ನು ತಡೆದ ಈ ಕಾವಲುಗಾರರು ಅಲ್ಲಿಯವರೆಗೆ ಉಗ್ರಾಣದ ಬೀಗ ತೆಗೆದು ನೋಡಿರಲಿಲ್ಲ.

ಆ ತಿಂಗಳ ಕೊನೆಯಲ್ಲಿ ಇನ್ನೊಂದು ಸಂಗತಿ ಬಯಲಾಯಿತು. ಪ್ರವರ್ತಕರ ಹೆಸರಿನಲ್ಲಿ ಉಳಿದಿದ್ದ ಷೇರುಗಳಷ್ಟೂ ಸಾಲಕ್ಕಾಗಿ ಒತ್ತೆಯಾಗಿದ್ದವು! ಯಜಮಾನಿಯ ಕಾಸಿನ ಸರ ಗಿರವಿ ಅಂಗಡಿಯ ತಿಜೋರಿ ಸೇರಿದ ಮೇಲೂ ಮನೆಯ ಒಡವೆಗಳ ಪಟ್ಟಿಯಲ್ಲಿ ಅದರ ಹೆಸರು ಹಾಗೆಯೇ ಉಳಿದಿರುವುದಿಲ್ಲವೆ? ಇಲ್ಲಿ ನಡೆದುದೂ ಅದೇ. ಬೆಲೆ ಕುಸಿದಂತೆ ಸಾಲ ಕೊಟ್ಟವರು ಒತ್ತೆಯ ಷೇರುಗಳನ್ನು ಪೇಟೆಗೆ ತಂದು ಮಾರಿದರು. ಬೆಲೆ ಮತ್ತಷ್ಟು ಕುಸಿಯಿತು. ‘ಮುಳುಗಿದರೆ ಅವರೂ ಮುಳುಗುತ್ತಾರೆ’ ಎಂದು ಪೇಟೆ ನಂಬಿದ್ದ ಒಡೆತನವು ಕಾಗದದ ಮೇಲಷ್ಟೇ ಇತ್ತು.

2009ರ ಜನವರಿ 7ರಂದು ರಾಜು ಅವರು ಮಂಡಲಿಗೆ ಪತ್ರ ಬರೆದು ತಪ್ಪೊಪ್ಪಿಕೊಂಡರು. ಪುಸ್ತಕದಲ್ಲಿ 5,361 ಕೋಟಿ ರೂಪಾಯಿಗಳೆಂದು ತೋರಿಸಿದ್ದ ನಗದು ಮತ್ತು ಬ್ಯಾಂಕು ಶಿಲ್ಕಿನಲ್ಲಿ 5,040 ಕೋಟಿ ಇರಲೇ ಇಲ್ಲ. ಮೇಟಾಸ್ ವ್ಯವಹಾರವು ಇಲ್ಲದ ಆಸ್ತಿಯ ಜಾಗದಲ್ಲಿ ಇರುವ ಆಸ್ತಿಯನ್ನು ತುಂಬುವ ಕೊನೆಯ ಪ್ರಯತ್ನವಾಗಿತ್ತು. ಪತ್ರದ ಇನ್ನೊಂದು ಮಾತು ಹೆಚ್ಚು ಪ್ರಚಾರ ಪಡೆಯದಿದ್ದರೂ ಮನನ ಯೋಗ್ಯವಾದುದು. ಪ್ರವರ್ತಕರ ಪಾಲು ಅಲ್ಪವಾಗಿದ್ದುದರಿಂದ, ಲಾಭ ಕಡಿಮೆ ತೋರಿಸಿದರೆ ಬೇರೆಯವರು ಕಂಪೆನಿಯನ್ನು ವಶಪಡಿಸಿಕೊಂಡಾರು, ಆಗ ಲೆಕ್ಕದ ಬಿರುಕು ಹೊರಬಿದ್ದೀತು ಎಂಬ ಭಯ ಅವರಿಗಿತ್ತಂತೆ. ಪಾಲು ಕಡಿಮೆಯಾದಷ್ಟೂ ಜವಾಬ್ದಾರಿಗೆ ಬದಲಾಗಿ ಭಯ ಬೆಳೆದಿತ್ತು.

ಹಿಂದಿನ ದಿನ ಸುಮಾರು 179 ರೂಪಾಯಿಗಳಿದ್ದ ಷೇರು ಅಂದು ಸಂಜೆಗೆ 40ರ ಆಸುಪಾಸಿಗೆ ಬಂದಿತು. ಮಗಳ ಮದುವೆಗೆಂದೋ ಮಗನ ಓದಿಗೆಂದೋ ನೂರು ಷೇರುಗಳನ್ನಿಟ್ಟುಕೊಂಡಿದ್ದವನ 17,900 ರೂಪಾಯಿ ಒಂದು ಹಗಲಿನಲ್ಲಿ 4,000 ಆಯಿತು. ಡಿಸೆಂಬರಿನಲ್ಲಿಯೇ ಅಪಾಯವನ್ನು ಮೂಸಿ ಮಾರಿ ಹೊರಬೀಳಲು ಅವನ ಬಳಿ ತಜ್ಞರೂ ಇರಲಿಲ್ಲ, ದೂರವಾಣಿಯ ಆ ತುದಿಯಲ್ಲಿ ಕಾದು ಕುಳಿತ ದಳ್ಳಾಳಿಯೂ ಇರಲಿಲ್ಲ.

ಸರ್ಕಾರವು ಹಳೆಯ ಮಂಡಲಿಯನ್ನು ತೆಗೆದು ಹೊಸಬರನ್ನು ನೇಮಿಸಿತು. ಏಪ್ರಿಲಿನಲ್ಲಿ ಟೆಕ್ ಮಹೀಂದ್ರ ಷೇರೊಂದಕ್ಕೆ 58 ರೂಪಾಯಿಯಂತೆ ಕೂಗಿ ಹರಾಜಿನಲ್ಲಿ ಗೆದ್ದಿತು. 2013ರಲ್ಲಿ ಸತ್ಯಂ ಅದರಲ್ಲಿ ಲೀನವಾಯಿತು. ಹೈದರಾಬಾದಿನ ವಿಶೇಷ ನ್ಯಾಯಾಲಯವು 2015ರ ಏಪ್ರಿಲಿನಲ್ಲಿ ರಾಜು ಮತ್ತು ಇತರ ಒಂಬತ್ತು ಮಂದಿಗೆ ಏಳು ವರ್ಷಗಳ ಶಿಕ್ಷೆ ವಿಧಿಸಿತು. ಮುಂದಿನ ತಿಂಗಳು ಮೇಲಿನ ನ್ಯಾಯಾಲಯವು ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಜಾಮೀನು ನೀಡಿತು.

ಪಟ್ಟಿಯಲ್ಲಿ ಮಾತ್ರ ಒಂದು ಶಾಶ್ವತವಾದ ಬದಲಾವಣೆಯಾಯಿತು. ಪ್ರವರ್ತಕರು ಒತ್ತೆಯಿಟ್ಟ ಷೇರುಗಳೆಷ್ಟು ಎಂಬುದನ್ನು ಬಹಿರಂಗಪಡಿಸಲೇಬೇಕೆಂದು ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ 2009ರ ಜನವರಿಯಲ್ಲಿಯೇ ನಿಯಮ ಮಾಡಿತು. ಇಂದು ಯಾವ ಕಂಪೆನಿಯ ಪಟ್ಟಿಯನ್ನು ತೆಗೆದರೂ ಪ್ರವರ್ತಕರ ಪಾಲಿನ ಪಕ್ಕದಲ್ಲಿ ಒತ್ತೆಗೆಂದೇ ಒಂದು ಕಲಮು ಇರುತ್ತದೆ. ಎಷ್ಟೋ ಕಂಪೆನಿಗಳಲ್ಲಿ ಅದು ಸೊನ್ನೆ. ಕೆಲವದರಲ್ಲಿ ಸೊನ್ನೆಯಲ್ಲ.