ಗಾಳಿ ಬರುವ ಮುನ್ನ ಮೊರ ಹಿಡಿಯಿರಿ

ಗಾಳಿ ಬಂದಾಗ ತೂರಿಕೋ ಎಂಬುದು ಹಿರಿಯರ ಮಾತು. ಆದರೆ ಗಾಳಿ ಬಂದ ಮೇಲೆ ಮೊರ ಹುಡುಕಲು ಹೊರಟವನ ರಾಶಿ ಕಣದಲ್ಲೇ ಉಳಿಯುತ್ತದೆ. ವ್ಯಾಪಾರದಲ್ಲೂ ಹಾಗೆಯೇ, ಓದಿನಲ್ಲೂ ಹಾಗೆಯೇ. ಪಿಯುಸಿ ಮುಗಿಸಿದ ಮಗನನ್ನೋ ಮಗಳನ್ನೋ ಯಾವ ಕೋರ್ಸಿಗೆ ಸೇರಿಸಬೇಕೆಂದು ತಲೆ ಕೆಡಿಸಿಕೊಳ್ಳುವ ತಂದೆ ತಾಯಿಯರು ಸಾಮಾನ್ಯವಾಗಿ ನೋಡುವುದು ಇಂದು ಯಾವುದಕ್ಕೆ ಬೇಡಿಕೆ ಇದೆ ಎಂಬುದನ್ನು. ಕೋರ್ಸು ಮುಗಿಯುವುದು ಮೂರೋ ನಾಲ್ಕೋ ವರ್ಷದ ನಂತರ. ಅಷ್ಟರಲ್ಲಿ ಗಾಳಿ ದಿಕ್ಕು ಬದಲಿಸಿರಬಹುದು.

ಹಾಗಾದರೆ ಮುಂದಿನದನ್ನು ತಿಳಿಯಲು ಜ್ಯೋತಿಷಿಯ ಬಳಿ ಹೋಗಬೇಕೇ? ಬೇಕಿಲ್ಲ. ಬಹಳಷ್ಟು ದೊಡ್ಡ ಬದಲಾವಣೆಗಳು ಬರುವ ಮುನ್ನ ಸಣ್ಣ ಸಣ್ಣ ಸುಳಿವು ಕೊಡುತ್ತವೆ. ಆಡಳಿತ ಶಾಸ್ತ್ರದ ವಿದ್ವಾಂಸ ಇಗೋರ್ ಆನ್ಸಾಫ್ 1975ರಲ್ಲಿ ಇವನ್ನು ಕ್ಷೀಣ ಸಂಕೇತಗಳು ಎಂದು ಕರೆದರು. ಸಂಕೇತ ಜೋರಾಗಿ ಕೇಳಿಸುವ ತನಕ ಕಾದರೆ ಸಿದ್ಧತೆಗೆ ಸಮಯ ಸಿಗುವುದಿಲ್ಲ ಎಂಬುದು ಅವರ ವಾದದ ತಿರುಳು. ಇದನ್ನು ಕಲಿಯಲು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಕಾರವಾರ ಮತ್ತು ಅಂಕೋಲೆಯ ಕತೆಯೇ ಒಳ್ಳೆಯ ಪಾಠಪುಸ್ತಕ.

ಹತ್ತಿ ತಂದ ಭಾಗ್ಯ

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಯಿತು. ಉತ್ತರದವರ ನೌಕಾಪಡೆ ದಕ್ಷಿಣದ ಬಂದರುಗಳಿಗೆ ಅಡ್ಡ ನಿಂತಿತು. ಇಂಗ್ಲೆಂಡಿನ ಲ್ಯಾಂಕಷೈರ್ ಗಿರಣಿಗಳಿಗೆ ಅಮೆರಿಕದ ಹತ್ತಿ ಬರುವುದು ನಿಂತಿತು. ಎಲ್ಲರ ಕಣ್ಣು ಭಾರತದ ಕಡೆ ತಿರುಗಿತು.

ಇದು ಹಠಾತ್ತನೆ ಆದದ್ದಲ್ಲ. ಒಂದೇ ದೇಶದ ಹತ್ತಿಯನ್ನು ನಂಬಿ ಕೂತರೆ ಕೆಟ್ಟೇವು ಎಂದು ಅರಿತ ಕೆಲವರು 1857ರಲ್ಲೇ ಮ್ಯಾಂಚೆಸ್ಟರಿನಲ್ಲಿ ಕಾಟನ್ ಸಪ್ಲೈ ಅಸೋಸಿಯೇಷನ್ ಕಟ್ಟಿದ್ದರು. ಯುದ್ಧಕ್ಕೆ ಇನ್ನೂ ನಾಲ್ಕು ವರ್ಷ ಇತ್ತು!

ಧಾರವಾಡ ಸೀಮೆಯ ಹತ್ತಿ ಕಡಲಿಗೆ ಇಳಿಯಲು ಕಾರವಾರ ಅನುಕೂಲದ ಬಂದರು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮದ್ರಾಸ್ ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಅದರ ಹಿಂದೆ ಹತ್ತಿ ವ್ಯಾಪಾರಿಗಳ ಒತ್ತಾಯವಿತ್ತು. ಕಾರವಾರ ಜಿಲ್ಲಾ ಕೇಂದ್ರವಾಗಿ ಬೆಳೆಯಿತು. ಮ್ಯಾಂಚೆಸ್ಟರ್ ಕಾಟನ್ ಕಂಪನಿ ಕಾಳಿ ನದಿಯ ದಡದ ಸದಾಶಿವಗಡಕ್ಕೆ ಜನರನ್ನೂ ಯಂತ್ರಗಳನ್ನೂ ಕಳಿಸಿತು. ಆದರೆ ಘಟ್ಟದ ಮೇಲಿಂದ ಹತ್ತಿ ಇಳಿಸಲು ರಸ್ತೆಯೇ ಸಿದ್ಧವಾಗಿರಲಿಲ್ಲ. ಕೆಲವೇ ವರ್ಷಗಳಲ್ಲಿ ಕಂಪನಿ ಬಾಗಿಲು ಹಾಕಿತು. ಅವರು ಬೇಡಿಕೆಯನ್ನು ಸರಿಯಾಗಿ ಕಂಡರು, ದಾರಿಯನ್ನು ನೋಡಲಿಲ್ಲ.

1865ರಲ್ಲಿ ಯುದ್ಧ ಮುಗಿಯಿತು, ಹತ್ತಿಯ ಬೆಲೆ ಕುಸಿಯಿತು. ಮುಂಬಯಿಯಲ್ಲಿ ಹತ್ತಿಯ ಹಣದಿಂದ ಷೇರು ಕೊಂಡವರು ದಿವಾಳಿಯಾದರು. ದೊಡ್ಡ ಸಾಹುಕಾರ ಪ್ರೇಮಚಂದ್ ರಾಯಚಂದ್ ಅವರನ್ನೂ ಆ ಪೆಟ್ಟು ಬಿಡಲಿಲ್ಲ. ಯುದ್ಧ ಒಂದಲ್ಲ ಒಂದು ದಿನ ಮುಗಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಲೆಕ್ಕದಲ್ಲಿ ಅದನ್ನು ಹಿಡಿದವರು ಕಡಿಮೆ.

ಕಾರವಾರಕ್ಕೆ ಎರಡನೆಯ ಪೆಟ್ಟು ಬಿದ್ದದ್ದು ರೈಲಿನಿಂದ. 1880ರ ದಶಕದ ಕೊನೆಗೆ ರೈಲು ಘಟ್ಟ ಇಳಿಯಿತು. ಇಳಿದದ್ದು ಕಾರವಾರಕ್ಕಲ್ಲ, ಗೋವೆಯ ಮಾರ್ಮಗೋವಾ ಬಂದರಿಗೆ. ಸರಕು ರೈಲಿನ ಹಿಂದೆ ಹೋಯಿತು. ಇದರ ಸುಳಿವು ಹತ್ತು ವರ್ಷ ಮೊದಲೇ ಇತ್ತು. 1878ರಲ್ಲಿ ಬ್ರಿಟಿಷರೂ ಪೋರ್ಚುಗೀಸರೂ ಮಾಡಿಕೊಂಡ ಒಪ್ಪಂದದಲ್ಲಿ ಆ ರೈಲಿನ ಮಾತು ಬಂದಿತ್ತು.

ಅದಿರಿನ ಧೂಳು

ನೂರೈವತ್ತು ವರ್ಷದ ಹಿಂದಿನದು ನಮಗೇಕೆ ಎನ್ನಬಹುದು. ಅದೇ ಪಾಠ ಅಂಕೋಲೆಯಲ್ಲಿ ಈ ಶತಮಾನದಲ್ಲೇ ಮತ್ತೆ ನಡೆಯಿತು. 2000ದ ದಶಕದಲ್ಲಿ ಚೀನಾದ ಉಕ್ಕಿನ ಕಾರ್ಖಾನೆಗಳಿಗೆ ಕಬ್ಬಿಣದ ಅದಿರು ಎಷ್ಟಿದ್ದರೂ ಸಾಲದಾಯಿತು. ಬಳ್ಳಾರಿ, ಹೊಸಪೇಟೆಯ ಅದಿರು ಹೊತ್ತ ಲಾರಿಗಳು ಹುಬ್ಬಳ್ಳಿ, ಯಲ್ಲಾಪುರ ದಾಟಿ, ಅರಬೈಲು ಘಟ್ಟ ಇಳಿದು ಬೇಲೆಕೇರಿ ಮತ್ತು ಕಾರವಾರದ ಬಂದರಿಗೆ ಸಾಲುಗಟ್ಟಿ ಬಂದವು. ಹೆದ್ದಾರಿಯ ಪಕ್ಕದ ಎಲೆಯೂ ಕೆಂಪಾಯಿತು. ಲಾರಿ, ಗ್ಯಾರೇಜು, ಢಾಬಾ, ಟೈರ್ ಅಂಗಡಿ ಎಲ್ಲದಕ್ಕೂ ಕೈತುಂಬ ಕೆಲಸ.

2008ರ ಡಿಸೆಂಬರಿನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ ಮೊದಲ ಗಣಿ ವರದಿ ಬಂತು. ಅದು ಮೊದಲ ಸುಳಿವು. 2010ರ ಮಾರ್ಚಿನಲ್ಲಿ ಬೇಲೆಕೇರಿಯಲ್ಲಿ ಲಕ್ಷಾಂತರ ಟನ್ ಅದಿರು ಜಪ್ತಿಯಾಯಿತು; ಜಪ್ತಿಯಾದ ಅದಿರೇ ಬಂದರಿನಿಂದ ಕಾಣೆಯಾಯಿತು. ಅದೇ ವರ್ಷದ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತು ನಿಲ್ಲಿಸಿತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನೇ ತಡೆಯಿತು. 2009ರಲ್ಲಿ ಮನೆಯ ಪತ್ರ ಅಡವಿಟ್ಟು ಟಿಪ್ಪರ್ ಕೊಂಡವನ ಸ್ಥಿತಿ ಏನಾಗಿರಬೇಕು ಊಹಿಸಿ. ಟಿಪ್ಪರ್ ನಿಂತರೂ ಕಂತು ನಿಲ್ಲುವುದಿಲ್ಲ. ಆದರೆ ಅದೇ ಕಾಲದಲ್ಲಿ ಐಟಿಐ ಸೇರಿ ಡೀಸೆಲ್ ಎಂಜಿನ್ ರಿಪೇರಿಯನ್ನೋ ವೆಲ್ಡಿಂಗನ್ನೋ ಕಲಿತ ಹುಡುಗನ ವಿದ್ಯೆ ಅದಿರಿನ ಜೊತೆ ಹೋಗುವಂಥದಲ್ಲ. ದೋಣಿಗೂ ಎಂಜಿನ್ ಇದೆ, ಬಸ್ಸಿಗೂ ಇದೆ.

ನಿಧಾನದ ಸುಳಿವುಗಳು

ಎಲ್ಲ ಸುಳಿವೂ ಬೇಗ ಫಲ ಕೊಡುವುದಿಲ್ಲ. ಕಾರವಾರ ಮತ್ತು ಅಂಕೋಲೆಯ ನಡುವಿನ ಸೀಬರ್ಡ್ ನೌಕಾನೆಲೆಗೆ ರಾಜೀವ್ ಗಾಂಧಿ ಅಡಿಗಲ್ಲು ಇಟ್ಟದ್ದು 1986ರ ಅಕ್ಟೋಬರಿನಲ್ಲಿ. ಐಎನ್‌ಎಸ್ ಕದಂಬ ನೌಕಾಪಡೆಗೆ ಸೇರಿದ್ದು 2005ರ ಮೇ 31ರಂದು. ನಡುವೆ ಹತ್ತೊಂಬತ್ತು ವರ್ಷ. ಕೊಂಕಣ ರೈಲು ನಿಗಮ ಆರಂಭವಾದದ್ದು 1990ರಲ್ಲಿ, ಮಾರ್ಗ ಪೂರ್ತಿ ತೆರೆದದ್ದು 1998ರ ಜನವರಿಯಲ್ಲಿ. ಹುಬ್ಬಳ್ಳಿ–ಅಂಕೋಲೆ ರೈಲು ಮಾರ್ಗವಂತೂ ಮಂಜೂರಾಗಿ ಕಾಲು ಶತಮಾನ ಕಳೆದರೂ ಕಾಡು, ಪರಿಸರದ ತಕರಾರು ದಾಟಿ ಅಂಕೋಲೆಗೆ ಬಂದಿಲ್ಲ. ಅದನ್ನೇ ನಂಬಿ ಅಂದೇ ಸಾಲ ಮಾಡಿ ಗೋದಾಮು ಕಟ್ಟಿದವನಿದ್ದರೆ ಅವನ ಗತಿ ಏನು?

ಇನ್ನೊಂದು ಮಾತನ್ನೂ ಮರೆಯಬಾರದು. ಸುಳಿವು ಕಂಡವರೆಲ್ಲರಿಗೂ ಆಯ್ಕೆ ಇರುವುದಿಲ್ಲ. ಸೀಬರ್ಡಿಗೆ ಜಮೀನು, ಮನೆ, ಕಡಲ ದಂಡೆ ಬಿಟ್ಟುಕೊಟ್ಟ ಸಾವಿರಾರು ಕುಟುಂಬಗಳಿಗೆ ಬದಲಾವಣೆ ಬರುವುದು ಗೊತ್ತಿತ್ತು, ತಡೆಯುವುದು ಅವರ ಕೈಯಲ್ಲಿ ಇರಲಿಲ್ಲ. ಅಂಥವರ ಮಕ್ಕಳಿಗೇ ಈ ವಿದ್ಯೆ ಎಲ್ಲರಿಗಿಂತ ಹೆಚ್ಚು ಬೇಕು.

ಮೂರು ಪ್ರಶ್ನೆ, ಒಂದು ನೋಟ್‌ಬುಕ್

ಸುಳಿವು ಸಿಗುವುದು ಎಲ್ಲಿ? ಪತ್ರಿಕೆಯ ಮುಖಪುಟದಲ್ಲಿ ಕಡಿಮೆ, ಒಳಪುಟದಲ್ಲಿ ಹೆಚ್ಚು. ಟೆಂಡರ್ ಪ್ರಕಟಣೆ, ಭೂಸ್ವಾಧೀನದ ನೋಟೀಸು, ನೌಕರಿಯ ಜಾಹೀರಾತು, ಹೊಸ ನಿಯಮದ ಸಣ್ಣ ಸುದ್ದಿ ಇವನ್ನು ಓದುವ ಅಭ್ಯಾಸ ಬೇಕು. ಊರಿನಲ್ಲಿ ಕಣ್ಣು ತೆರೆದು ಓಡಾಡಿದರೂ ಸಾಕು. ಬಾಡಿಗೆ ಮನೆ ಕೇಳಿಕೊಂಡು ಬರುತ್ತಿರುವವರು ಯಾರು? ಅಂಗಡಿಯವರು ಹೊಸದಾಗಿ ತರಿಸುತ್ತಿರುವ ಸಾಮಾನು ಯಾವುದು? ಹೆದ್ದಾರಿಯ ಲಾರಿಗಳಲ್ಲಿ ಹೋಗುತ್ತಿರುವುದು ಏನು? ವಾರಕ್ಕೊಮ್ಮೆ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಒಂದು ವರ್ಷದ ನಂತರ ತಿರುವಿ ನೋಡಿ. ಒಂದೇ ವಿಷಯ ಬೇರೆ ಬೇರೆ ಕಡೆಯಿಂದ ಮೂರು ಸಲ ಬಂದಿದ್ದರೆ ಅದು ಕಾಕತಾಳೀಯ ಇರಲಾರದು.

ಬರೆದಿಟ್ಟ ಮೇಲೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಹಣ ಕೊಡುವವರು ಯಾರು? ಅಲ್ಲಿಗೆ ತಲುಪುವ ದಾರಿ ಸಿದ್ಧವಿದೆಯೇ? ಇದನ್ನು ನಿಲ್ಲಿಸಬಲ್ಲದ್ದು ಯಾವುದು?

ಪ್ರಯೋಗಕ್ಕೆ ಉದಾಹರಣೆ ಎದುರಿಗೇ ಇದೆ. ಅಂಕೋಲೆಯ ಕೇಣಿಯಲ್ಲಿ ವರ್ಷಕ್ಕೆ 3 ಕೋಟಿ ಟನ್ ಸರಕಿನ ಬಂದರು ಕಟ್ಟಲು 2023ರ ನವೆಂಬರಿನಲ್ಲಿ ಜೆಎಸ್‌ಡಬ್ಲ್ಯೂ ಇನ್‌ಫ್ರಾಸ್ಟ್ರಕ್ಚರ್ ಕಂಪನಿ ಆಯ್ಕೆಯಾಯಿತು. ಸ್ಥಳೀಯ ಮೀನುಗಾರರು ಅದನ್ನು ವಿರೋಧಿಸಿದ್ದಾರೆ. ಮೊದಲ ಪ್ರಶ್ನೆಗೆ ಉತ್ತರ ಸುಲಭ. ಎರಡನೆಯದಕ್ಕೆ ಹುಬ್ಬಳ್ಳಿಯ ರೈಲನ್ನು ನೆನೆಯಿರಿ. ಮೂರನೆಯದಕ್ಕೆ ಕಡಲ ದಂಡೆಯವರ ಮಾತನ್ನು ಕೇಳಿ. ಮನೆಮಂದಿ ಎಲ್ಲ ಊಟದ ಹೊತ್ತಿಗೆ ಕೂತು ಇದನ್ನು ಚರ್ಚಿಸಿದರೆ ಯಾವ ಮಾರ್ಗದರ್ಶನ ಶಿಬಿರಕ್ಕೂ ಅದು ಕಡಿಮೆಯಲ್ಲ.

ಸುಳಿವು ಕ್ಷೀಣವಾಗಿದ್ದಾಗ ಇಡುವ ಹೆಜ್ಜೆಯೂ ಸಣ್ಣದಿರಲಿ: ಒಂದು ಹೊಸ ಭಾಷೆ, ಒಂದು ಕೈಕಸುಬು, ರಜೆಯಲ್ಲಿ ಒಂದು ತರಬೇತಿ. ಊಹೆ ತಪ್ಪಿದರೂ ಕಲಿತದ್ದು ಉಳಿಯುತ್ತದೆ. ಸುಳಿವು ಬಲವಾದಂತೆ ಹೆಜ್ಜೆ ದೊಡ್ಡದಾಗಲಿ. ಮನೆಯ ಪತ್ರ ಮಾತ್ರ ಕೊನೆಯವರೆಗೂ ಪೆಟ್ಟಿಗೆಯಲ್ಲೇ ಇರಲಿ.

ಮೊರ ಕೈಯಲ್ಲಿರಲಿ. ಗಾಳಿ ಯಾವಾಗ ನಿಲ್ಲಬಹುದು ಎಂಬ ಲೆಕ್ಕವೂ ತಲೆಯಲ್ಲಿರಲಿ.