ಸದ್ದೂ ಬೆಸುಗೆಯೂ

ಒಂದು ಕಾಲದಲ್ಲಿ ಊರು ಬಿಟ್ಟು ಕಾಲೇಜಿಗೆ ಹೊರಟ ವಿದ್ಯಾರ್ಥಿಯ ಸಾಮಾನೆಂದರೆ ಒಂದು ತಗಡಿನ ಟ್ರಂಕು, ಒಂದು ಹಾಸಿಗೆಯ ಸುರುಳಿ, ಒಂದು ಚೊಂಬು ಇಷ್ಟೇ ಆಗಿತ್ತು. ಇಂದು ಆ ಸಾಮಾನಿಗೆ ಲ್ಯಾಪ್‌ಟಾಪ್ ಎಂಬ ಗಣಕಯಂತ್ರವೂ ಸೇರಿಕೊಂಡಿದೆ. ಎಂಜಿನಿಯರಿಂಗ್ ಓದುವವನ ನಕ್ಷೆ, ವಾಣಿಜ್ಯಶಾಸ್ತ್ರ ಓದುವವಳ ಲೆಕ್ಕ, ಕಲಾ ವಿಭಾಗದವರ ಪ್ರಬಂಧ ಎಲ್ಲವೂ ಈ ಪೆಟ್ಟಿಗೆಯೊಳಗೇ ಸಿದ್ಧವಾಗಬೇಕಾಗಿದೆ. ಅನೇಕ ಮನೆಗಳಲ್ಲಿ ಇದರ ಬೆಲೆ ದುಡಿಯುವವರ ಹಲವು ತಿಂಗಳ ಗಳಿಕೆಗೆ ಸಮ. ಸಂಘದಿಂದ ಸಾಲ ತೆಗೆದೋ, ಅಡಕೆಯ ಹಣ ಕೈಗೆ ಬರುವವರೆಗೆ ಕಾದೋ ಕೊಳ್ಳುವ ವಸ್ತು ಇದು.

ಸೀರೆ ಕೊಳ್ಳುವ ಗೃಹಿಣಿ ಸೆರಗನ್ನು ತಿರುಗಿಸಿ ನೂಲನ್ನು ನೋಡುತ್ತಾಳೆ. ಎತ್ತು ಕೊಳ್ಳುವ ರೈತ ಬಾಯಿ ಬಿಡಿಸಿ ಹಲ್ಲನ್ನು ಎಣಿಸುತ್ತಾನೆ. ಲ್ಯಾಪ್‌ಟಾಪ್ ಕೊಳ್ಳಲು ಹೋದವರು ಮಾತ್ರ ಅದರ ಮೈ ಎಷ್ಟು ತೆಳುವಾಗಿದೆ, ಎಷ್ಟು ಹಗುರವಾಗಿದೆ, ಎಷ್ಟು ಮೌನವಾಗಿದೆ ಎಂಬುದನ್ನು ನೋಡಿ ತೃಪ್ತರಾಗುತ್ತಾರೆ. ಫ್ಯಾನಿನ ಸದ್ದು ಕಿವಿಗೆ ಬಿದ್ದೊಡನೆ ಮುಖ ಸಿಂಡರಿಸುತ್ತಾರೆ. ಹೊದಿಕೆಯ ಒಳಗೆ ಏನನ್ನು ಬೆಸೆದಿದ್ದಾರೆ, ಏನನ್ನು ಬಿಚ್ಚಲು ಬಿಟ್ಟಿದ್ದಾರೆ ಎಂದು ಕೇಳುವುದೇ ಇಲ್ಲ. ಸದ್ದಿಗೆ ಸಲ್ಲಬೇಕಾದುದಕ್ಕಿಂತ ಹೆಚ್ಚಿನ ಗಮನವೂ ಬೆಸುಗೆಗೆ ಸಲ್ಲಬೇಕಾದುದಕ್ಕಿಂತ ಕಡಿಮೆ ಗಮನವೂ ಸಲ್ಲುತ್ತಿದೆ. ಇದರ ನಷ್ಟ ಅಂಗಡಿಯವನದಲ್ಲ, ವಿದ್ಯಾರ್ಥಿಯದು.

ಮೊದಲು ಸದ್ದಿನ ಮಾತು. ದೀಪಕ್ಕೆ ಹರಿದ ವಿದ್ಯುತ್ತಿನಲ್ಲಿ ಒಂದು ಪಾಲು ಬೆಳಕಾಗುತ್ತದೆ. ಪಂಪಿಗೆ ಹರಿದ ವಿದ್ಯುತ್ತು ನೀರನ್ನು ಮೇಲಕ್ಕೆತ್ತುತ್ತದೆ. ಗಣಕಯಂತ್ರದ ಪ್ರೊಸೆಸರಿಗೆ ಹರಿದ ವಿದ್ಯುತ್ತಿನ ಗತಿಯೇ ಬೇರೆ. ಅದು ಎಷ್ಟೇ ಕಠಿಣವಾದ ಲೆಕ್ಕವನ್ನು ಮಾಡಲಿ, ಕೊನೆಗೆ ಬಹುಮಟ್ಟಿಗೆ ಎಲ್ಲವೂ ಶಾಖವಾಗಿಯೇ ಉಳಿಯುತ್ತದೆ. ಸಾಮಾನ್ಯ ಲ್ಯಾಪ್‌ಟಾಪಿನ ಪ್ರೊಸೆಸರು 15ರಿಂದ 45 ವಾಟ್‌ನಷ್ಟು ವಿದ್ಯುತ್ತನ್ನು ಬಳಸುತ್ತದೆ. ಇಷ್ಟು ಶಾಖವೂ ಹುಟ್ಟುವುದು ಹೆಬ್ಬೆರಳಿನ ಉಗುರಿನಷ್ಟಗಲದ ಒಂದು ಚೂರಿನಲ್ಲಿ. ಅದನ್ನು ಹೊರಗೆ ಸಾಗಿಸದಿದ್ದರೆ ಚೂರು ಸುಟ್ಟೀತು. ಆದುದರಿಂದ ಸುಮಾರು 100 ಡಿಗ್ರಿ ಸೆಲ್ಸಿಯಸ್ ಸಮೀಪಿಸುತ್ತಲೇ ಪ್ರೊಸೆಸರು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುವಂತೆ ಮಾಡಿರುತ್ತಾರೆ.

ಶಾಖವನ್ನು ಸಾಗಿಸುವ ಏರ್ಪಾಡು ಬಹು ಸೊಗಸಾದುದು. ಚೂರಿನ ಮೇಲೆ ಒಂದು ಚಪ್ಪಟೆಯಾದ ತಾಮ್ರದ ಕೊಳವೆ ಕುಳಿತಿರುತ್ತದೆ. ಅದರೊಳಗೆ ಇರುವುದು ಕೆಲವೇ ಹನಿ ದ್ರವ. ಬಿಸಿಯಾದ ತುದಿಯಲ್ಲಿ ಅದು ಆವಿಯಾಗಿ ತಣ್ಣನೆಯ ತುದಿಗೆ ಓಡುತ್ತದೆ. ಅಲ್ಲಿ ಶಾಖವನ್ನು ಬಿಟ್ಟುಕೊಟ್ಟು ಮತ್ತೆ ದ್ರವವಾಗಿ, ಬತ್ತಿಯಲ್ಲಿ ಎಣ್ಣೆ ಏರುವಂತೆ, ಕೊಳವೆಯ ಒಳಮೈಯನ್ನು ಹಿಡಿದು ಹಿಂದಕ್ಕೆ ಬರುತ್ತದೆ. ತಣ್ಣನೆಯ ತುದಿಯಲ್ಲಿ ತೆಳುವಾದ ಲೋಹದ ಹಲ್ಲುಗಳ ಸಾಲಿದೆ. ಆ ಹಲ್ಲುಗಳ ನಡುವೆ ಗಾಳಿಯನ್ನು ನೂಕುವುದೇ ಫ್ಯಾನಿನ ಕೆಲಸ. ಕುಲುಮೆಯಲ್ಲಿ ತಿದಿ ಕೆಂಡವನ್ನು ಕೆರಳಿಸಲು ಗಾಳಿ ಊದುತ್ತದೆ. ಇಲ್ಲಿ ತಣಿಸಲು ಊದುತ್ತದೆ. ಸದ್ದಿಲ್ಲದ ತಿದಿಯನ್ನು ಯಾವ ಕಮ್ಮಾರನೂ ಬಯಸಿದವನಲ್ಲ.

ಹಾಗಾದರೆ ಒಂದು ಯಂತ್ರ ಮೆಲ್ಲಗೆ ಉಸಿರಾಡಿದರೆ ಇನ್ನೊಂದು ಏಕೆ ಕಿರುಚುತ್ತದೆ? ಫ್ಯಾನಿನ ವೇಗ ಎರಡರಷ್ಟಾದರೆ ಅದು ನೂಕುವ ಗಾಳಿಯೂ ಎರಡರಷ್ಟಾಗುತ್ತದೆ, ನಿಜ. ಆದರೆ ಸದ್ದು ಸುಮಾರು 15 ಡೆಸಿಬೆಲ್‌ಗಳಷ್ಟು ಏರುತ್ತದೆ. 10 ಡೆಸಿಬೆಲ್ ಏರಿದರೆ ಸದ್ದು ಇಮ್ಮಡಿಯಾದಂತೆ ಮನುಷ್ಯನ ಕಿವಿಗೆ ತೋರುತ್ತದೆಯಾದ್ದರಿಂದ, 15 ಡೆಸಿಬೆಲ್ ಎಂದರೆ ಹೆಚ್ಚುಕಡಿಮೆ ಮೂರರಷ್ಟು ಗಲಾಟೆ. ಅಗಲವಾದ ಫ್ಯಾನು ನಿಧಾನವಾಗಿ ತಿರುಗಿ ಮಾಡುವ ಕೆಲಸವನ್ನು ಪುಟ್ಟ ಫ್ಯಾನು ಹುಚ್ಚೆದ್ದು ತಿರುಗಿ ಮಾಡಬೇಕಾಗುತ್ತದೆ. ಹೊದಿಕೆ ತೆಳುವಾದಷ್ಟೂ ಫ್ಯಾನು ಚಿಕ್ಕದು. ಆದ್ದರಿಂದ ಕಿರುಚಾಟದ ಮೂಲವನ್ನು ಅನೇಕ ವೇಳೆ ಫ್ಯಾನಿನಲ್ಲಿ ಹುಡುಕದೆ, ಕೊಳ್ಳುವವರೇ ಮೆಚ್ಚಿದ ತೆಳುಮೈಯಲ್ಲಿ ಹುಡುಕಬೇಕು.

ಫ್ಯಾನೇ ಇಲ್ಲದ ಲ್ಯಾಪ್‌ಟಾಪುಗಳೂ ಉಂಟು. ಆಪಲ್ ಸಂಸ್ಥೆ 2015ರಲ್ಲಿ ಅಂಥದೊಂದನ್ನು ಹೊರತಂದಿತು. 2020ರ ನವೆಂಬರಿನಲ್ಲಿ ಬಂದ ಅದರ ಮ್ಯಾಕ್‌ಬುಕ್ ಏರ್ ಫ್ಯಾನಿಲ್ಲದೆಯೂ ಬಹಳಷ್ಟು ಕೆಲಸವನ್ನು ಮಾಡಬಲ್ಲುದೆಂದು ತೋರಿಸಿಕೊಟ್ಟಿತು. ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಲೆಕ್ಕ ಮಾಡುವ ಪ್ರೊಸೆಸರನ್ನು ರೂಪಿಸಿದ್ದರ ಫಲ ಅದು. ಈ ಸಾಧನೆಯನ್ನು ಹಗುರವಾಗಿ ಕಾಣುವಂತಿಲ್ಲ. ಆದರೂ ದೀರ್ಘವಾದ ಭಾರದ ಕೆಲಸ ಬಿದ್ದಾಗ ಇಂಥ ಯಂತ್ರ ಮೌನವಾಗಿಯೇ ನಿಧಾನವಾಗುತ್ತದೆ.

ಇದರ ಜೊತೆಗೆ ಊರಿನ ಹವೆಯನ್ನೂ ಎಣಿಸಬೇಕು. ರಾಯಚೂರು, ಕಲಬುರಗಿಗಳಲ್ಲಿ ಬೇಸಗೆಯ ತಾಪ 40 ಡಿಗ್ರಿಯನ್ನು ದಾಟುತ್ತದೆ. 100 ಡಿಗ್ರಿಯ ಪ್ರೊಸೆಸರಿಗೂ 20 ಡಿಗ್ರಿಯ ಕೋಣೆಗೂ ಇರುವ ಅಂತರ 80 ಡಿಗ್ರಿ. 40 ಡಿಗ್ರಿಯ ಕೋಣೆಯಲ್ಲಿ ಅದು 60ಕ್ಕೆ ಇಳಿಯುತ್ತದೆ. ಅಷ್ಟೇ ಗಾಳಿ ಈಗ ಕಾಲು ಭಾಗ ಕಡಿಮೆ ಶಾಖವನ್ನು ಹೊರುತ್ತದೆ. ಮಡಿಕೇರಿಯ ಮಳೆಗಾಲದಲ್ಲಿ ಪಿಸುಗುಟ್ಟುತ್ತಿದ್ದ ಯಂತ್ರ ಬಯಲುಸೀಮೆಯ ಏಪ್ರಿಲ್ಲಿನಲ್ಲಿ ಬುಸುಗುಟ್ಟಿದರೆ ಅದನ್ನು ದೋಷವೆನ್ನಲಾಗದು. ತಂಪು ಮಾಡಿದ ಅಂಗಡಿಯೊಳಗೆ ಐದು ನಿಮಿಷ ಆಲಿಸಿ ಮೆಚ್ಚಿಕೊಂಡ ಮೌನ ಮನೆಗೆ ಬಂದಮೇಲೆ ಉಳಿಯುತ್ತದೆಂದು ನಂಬುವುದೂ ತಪ್ಪು.

ಅದಕ್ಕಿಂತ ಮುಖ್ಯವಾಗಿ, ಸದ್ದಿಗೆ ಮದ್ದುಂಟು. ಹಾಸಿಗೆಯ ಮೇಲೆ, ದಿಂಬಿನ ಮೇಲೆ ಲ್ಯಾಪ್‌ಟಾಪನ್ನು ಇಟ್ಟರೆ ಅಡಿಯ ಗಾಳಿಕಂಡಿಗಳು ಮುಚ್ಚಿಹೋಗುತ್ತವೆ. ಅದನ್ನು ಮೇಜಿನ ಮೇಲಿಟ್ಟರೆ ಅರ್ಧ ಗೋಳು ತಪ್ಪುತ್ತದೆ. ಲೋಹದ ಹಲ್ಲುಗಳ ನಡುವೆ ಹತ್ತಿಯಂತೆ ಕಟ್ಟಿಕೊಂಡ ಧೂಳನ್ನು ಹಿಂಬದಿಯ ತಿರುಪುಗಳನ್ನು ಬಿಚ್ಚಿ ತೆಗೆಯಬಹುದು. ಚೂರಿಗೂ ಕೊಳವೆಗೂ ನಡುವೆ ಸವರಿದ ಲೇಪ ಒಣಗಿದ್ದರೆ ಹೊಸದಾಗಿ ಸವರಬಹುದು. ತಿರುಗಿ ಸವೆದ ಫ್ಯಾನನ್ನೇ ಬದಲಾಯಿಸಬಹುದು. ಗ್ರಂಥಾಲಯದಲ್ಲಿ ಕುಳಿತಾಗ ಯಂತ್ರವನ್ನು ಮಂದಗತಿಯಲ್ಲಿ ನಡೆಸುವ ಆಯ್ಕೆಯೂ ಇದೆ. ಪ್ರಬಂಧ ಬರೆಯುವುದಕ್ಕೆ ಪೂರ್ಣ ವೇಗ ಬೇಕಿಲ್ಲ.

ಬೆಸುಗೆಯ ವಿಷಯ ಹಾಗಲ್ಲ. ಗಣಕಯಂತ್ರದಲ್ಲಿ ಮೆಮೊರಿ ಎಂಬುದು ಓದುವ ಮೇಜಿನಂತೆ, ಸಂಗ್ರಹವೆಂಬುದು ಪುಸ್ತಕದ ಬೀರುವಿನಂತೆ. ಬೀರುವಿನಲ್ಲಿ ಎಷ್ಟು ಪುಸ್ತಕಗಳಿದ್ದರೂ ಮೇಜು ಚಿಕ್ಕದಾದರೆ ಒಂದನ್ನು ತೆಗೆದಿಟ್ಟು ಇನ್ನೊಂದನ್ನು ಬಿಡಿಸಬೇಕು. ಹೊತ್ತೆಲ್ಲ ಎತ್ತಿಡುವುದರಲ್ಲೇ ಕಳೆಯುತ್ತದೆ. ಹಿಂದಿನ ಲ್ಯಾಪ್‌ಟಾಪುಗಳಲ್ಲಿ ಮೇಜನ್ನೂ ಬೀರುವನ್ನೂ ಬೆಳೆಸಲು ಸಾಧ್ಯವಿತ್ತು. ಸುಮಾರು 7 ಸೆಂಟಿಮೀಟರ್ ಉದ್ದದ ಮೆಮೊರಿಯ ಪಟ್ಟಿಯನ್ನು ಕಂಡಿಯೊಳಗೆ ಓರೆಯಾಗಿ ತೂರಿಸಿ ಕೆಳಕ್ಕೊತ್ತಿದರೆ ಎರಡು ಕೊಂಡಿಗಳು ಕಟಕ್ಕೆಂದು ಹಿಡಿದುಕೊಳ್ಳುತ್ತಿದ್ದವು. ಕೆಲಸ ಅಷ್ಟಕ್ಕೇ ಮುಗಿಯುತ್ತಿತ್ತು. ಇಂದಿಗೂ ಹಲವು ಯಂತ್ರಗಳಲ್ಲಿ ಇಂಥ ಕಂಡಿಗಳಿವೆ. ಆದರೆ 2008ರ ಮೊದಲ ಮ್ಯಾಕ್‌ಬುಕ್ ಏರ್‌ನಲ್ಲಿ ಮೆಮೊರಿಯನ್ನು ಮುಖ್ಯ ಫಲಕಕ್ಕೇ ಬೆಸೆಯಲಾಯಿತು. ತರುವಾಯ ಬೇರೆ ತಯಾರಕರೂ ತಮ್ಮ ತೆಳುವಾದ ಯಂತ್ರಗಳಲ್ಲಿ ಅದೇ ಹಾದಿಯನ್ನು ಹಿಡಿದರು.

ತಯಾರಕರ ವಾದದಲ್ಲಿ ಹುರುಳಿಲ್ಲವೆಂದಲ್ಲ. ಬೆಸೆದ ಮೆಮೊರಿ ಪ್ರೊಸೆಸರಿಗೆ ಹತ್ತಿರವಿರುತ್ತದೆ, ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ವೇಗವಾಗಿ ಕೆಲಸ ಮಾಡುತ್ತದೆ, ಬ್ಯಾಟರಿ ಹೆಚ್ಚು ಹೊತ್ತು ಬಾಳುತ್ತದೆ. ಆದರೆ ಅದೇ ಬೆಸುಗೆ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಮುಂದೆ ಬೇಕಾಗಬಹುದಾದ ಮೆಮೊರಿಯನ್ನೆಲ್ಲ ಕೊಳ್ಳುವ ದಿನವೇ, ತಯಾರಕನ ಬಳಿಯೇ, ಆತ ಹೇಳಿದ ಬೆಲೆಗೇ ಕೊಳ್ಳಬೇಕಾಗುತ್ತದೆ. ಹಣವುಳ್ಳವನಿಗೆ ಇದು ದೊಡ್ಡ ಮಾತಲ್ಲ. ಆದರೆ ಪಿ.ಯು.ಸಿ. ಮುಗಿಸಿ ಬಂದ ಹದಿನೇಳು ವರ್ಷದ ಹುಡುಗಿಗೆ ಮೂರನೆಯ ವರ್ಷದಲ್ಲಿ ತಾನು ಏನನ್ನು ಓದುತ್ತಿರುವೆನೆಂಬುದು ತಿಳಿದಿರುವುದಿಲ್ಲ. ಇತಿಹಾಸವನ್ನು ಆರಿಸಿಕೊಂಡವಳು ಗಣಕದಲ್ಲಿ ಭೂಪಟಗಳನ್ನು ರಚಿಸುವ ಕಡೆಗೆ ತಿರುಗಬಹುದು. ವಾಣಿಜ್ಯದವನು ದೊಡ್ಡ ದೊಡ್ಡ ಅಂಕಿಅಂಶಗಳನ್ನು ಜಾಲಾಡಬೇಕಾಗಬಹುದು. ಅಂದು 8 ಜಿಬಿ ಮೆಮೊರಿ ಸಾಲದೆಹೋದರೆ, ಕಂಡಿಯಿದ್ದವರು ವಿದ್ಯಾರ್ಥಿವೇತನ ಬಂದ ತಿಂಗಳು ಒಂದು ಪಟ್ಟಿಯನ್ನು ಕೊಂಡು ಸೇರಿಸುತ್ತಾರೆ. ಕಂಡಿಯಿಲ್ಲದವರು ಇಡೀ ಯಂತ್ರವನ್ನೇ ಬದಲಿಸಬೇಕು, ಇಲ್ಲವೇ ಓದಿನ ಆಸೆಯನ್ನೇ ಯಂತ್ರಕ್ಕೆ ತಕ್ಕಂತೆ ಕತ್ತರಿಸಿಕೊಳ್ಳಬೇಕು. ಈ ಎರಡನೆಯದು ಲೆಕ್ಕಪುಸ್ತಕದಲ್ಲಿ ಕಾಣಿಸಿಕೊಳ್ಳದ ನಷ್ಟ.

ಬಿಡಿಭಾಗದ ಬೆಲೆ ಕಾಲಕಳೆದಂತೆ ಇಳಿಯುತ್ತದೆಂದು ಕಣ್ಣು ಮುಚ್ಚಿ ನಂಬಬಾರದು. ಕೃತಕ ಬುದ್ಧಿಮತ್ತೆಯ ಬೃಹತ್ ಗಣಕಕೇಂದ್ರಗಳ ಬೇಡಿಕೆಯಿಂದಾಗಿ 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿಯ ಬೆಲೆ ಲೋಕದಾದ್ಯಂತ ಬಿರುಸಾಗಿ ಏರಿತು. ಆದರೂ ಕಂಡಿಯಿರುವವರು ಬೆಲೆ ಇಳಿಯುವವರೆಗೆ ಕಾಯಬಲ್ಲರು. ಯಾರೋ ಬಳಸಿ ತೆಗೆದಿಟ್ಟ ಪಟ್ಟಿಯನ್ನಾದರೂ ಹುಡುಕಬಲ್ಲರು.

ಬೆಂಗಳೂರಿನ ಸದರ್ ಪತ್ರಪ್ಪ ರಸ್ತೆಯಲ್ಲಿ, ಜನರ ಬಾಯಲ್ಲಿ ಎಸ್.ಪಿ. ರಸ್ತೆಯಲ್ಲಿ, ಒಮ್ಮೆ ನಡೆದು ಬಂದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಕಿರಿದಾದ ಆ ಅಂಗಡಿಗಳಲ್ಲಿ ಮೆಮೊರಿಯ ಪಟ್ಟಿಗಳು, ಕೀಲಿಮಣೆಗಳು, ಫ್ಯಾನುಗಳು, ಬ್ಯಾಟರಿಗಳು ರಾಶಿರಾಶಿಯಾಗಿ ದೊರೆಯುತ್ತವೆ. ತಿರುಗುವ ತಟ್ಟೆಯ ಹಳೆಯ ಹಾರ್ಡ್‌ಡಿಸ್ಕನ್ನು ತೆಗೆದು ಎಸ್‌.ಎಸ್‌.ಡಿ. ಹಾಕಿಸಿಕೊಂಡ ಎಷ್ಟೋ ಮುದಿ ಲ್ಯಾಪ್‌ಟಾಪುಗಳು ಹೊಸ ಹುರುಪಿನಿಂದ ಎದ್ದು ಕೂತಿವೆ. ಇಂಥ ರಿಪೇರಿ ಬಲ್ಲ ಕೈಗಳು ತಾಲ್ಲೂಕು ಕೇಂದ್ರಗಳಲ್ಲಿಯೂ ಇವೆ. ಅಂಟು ಹಾಕಿ ಕೂರಿಸಿದ ಬ್ಯಾಟರಿ, ಬೆಸೆದ ಮೆಮೊರಿ ಎದುರಾದಾಗ ಆ ಕೈಗಳೂ ಹಿಂದೆ ಸರಿಯುತ್ತವೆ. ಸೈಕಲ್ಲಿನ ಸರಪಳಿ ಸವೆದರೆ ಸೈಕಲ್ಲನ್ನೇ ಎಸೆಯುವ ವಾಡಿಕೆ ಈ ನಾಡಿನಲ್ಲಿ ಎಂದೂ ಇರಲಿಲ್ಲ.

ಹಾಗೆಂದು ಕಂಡಿಗಳನ್ನು ಪೂಜಿಸಬೇಕಾಗಿಯೂ ಇಲ್ಲ. ಇಂದಿನ ಲ್ಯಾಪ್‌ಟಾಪುಗಳಲ್ಲಿ ಪ್ರೊಸೆಸರನ್ನು ಬದಲಾಯಿಸುವುದು ಬಹುಮಟ್ಟಿಗೆ ಅಸಾಧ್ಯ. ಮೇಜು ದೊಡ್ಡದಾಗಬಹುದು, ಓದುವವನ ಕಣ್ಣು ಚುರುಕಾಗದು. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆ ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11 ಕೇಳುವ ಮೆಮೊರಿ ಕನಿಷ್ಠ 4 ಜಿಬಿ ಮಾತ್ರ. ಆದರೆ ಅದು ಒಪ್ಪುವ ಪ್ರೊಸೆಸರುಗಳ ಪಟ್ಟಿ ಬೇರೆ, ಭದ್ರತೆಯ ಚಿಪ್ಪಿನ ನಿಯಮ ಬೇರೆ. ಹೀಗಾಗಿ ಸಾಕಷ್ಟು ಮೆಮೊರಿಯಿದ್ದ ಎಷ್ಟೋ ಯಂತ್ರಗಳು ಬಾಗಿಲ ಹೊರಗೇ ಉಳಿದವು. ಲಿನಕ್ಸ್ ಕಲಿತವರು ಮಾತ್ರ ಅವನ್ನು ಮುಂದೆಯೂ ದುಡಿಸಿಕೊಂಡರು. ತೀರ ಹಳೆಯ ಪ್ರೊಸೆಸರಿನ ಯಂತ್ರವನ್ನು ಕಂಡಿಗಳಿವೆ ಎಂಬ ಒಂದೇ ಕಾರಣಕ್ಕೆ ಕೊಳ್ಳುವುದು ವಿವೇಕವಲ್ಲ.

ಕೊಳ್ಳುವವರ ದನಿಗೆ ಅಲ್ಲಲ್ಲಿ ಬೆಲೆ ಬರುತ್ತಿರುವುದು ನಿಜ. ಫ್ರಾನ್ಸಿನಲ್ಲಿ 2021ರಿಂದ ಲ್ಯಾಪ್‌ಟಾಪ್ ಮಾರುವವರು ಅದು ಎಷ್ಟರಮಟ್ಟಿಗೆ ರಿಪೇರಿಗೆ ಒಗ್ಗುತ್ತದೆಂಬುದಕ್ಕೆ ಹತ್ತರಲ್ಲಿ ಇಷ್ಟು ಎಂದು ಅಂಕವನ್ನು ಬರೆದು ತೋರಿಸಬೇಕಾಯಿತು. ಭಾರತ ಸರ್ಕಾರವೂ 2022ರ ಡಿಸೆಂಬರಿನಲ್ಲಿ ರಿಪೇರಿಯ ಹಕ್ಕಿಗಾಗಿ ಒಂದು ಜಾಲತಾಣವನ್ನು ತೆರೆಯಿತು. ಬೆಸೆಯದೆಯೇ ಕಡಿಮೆ ವಿದ್ಯುತ್ತಿನ ಮೆಮೊರಿಯನ್ನು ಪ್ರೊಸೆಸರಿನ ಬಳಿ ಕೂರಿಸಿ ತಿರುಪಿನಿಂದ ಬಿಗಿಯುವ ಹೊಸದೊಂದು ವಿಧಾನವನ್ನು 2024ರಲ್ಲಿ ಲೆನೊವೊ ಸಂಸ್ಥೆ ತನ್ನ ಥಿಂಕ್‌ಪ್ಯಾಡ್ ಪಿ1 ಎಂಬ ಲ್ಯಾಪ್‌ಟಾಪಿನಲ್ಲಿ ಅಳವಡಿಸಿತು. ತೆಳುವಾಗಬೇಕಾದರೆ ಬೆಸೆಯಲೇಬೇಕೆಂಬ ವಾದ ಅಲ್ಲಿಂದೀಚೆಗೆ ಮೊದಲಿನಷ್ಟು ಗಟ್ಟಿಯಾಗಿ ಉಳಿದಿಲ್ಲ. ಆದರೆ ಅದು ದುಬಾರಿಯಾದ ಯಂತ್ರ. ಸಾಧಾರಣ ಬೆಲೆಯವುಗಳಿಗೆ ಆ ವಿಧಾನ ಇಳಿದು ಬರುವವರೆಗೆ ವಿದ್ಯಾರ್ಥಿ ಕಾದು ಕೂರುವಂತಿಲ್ಲ.

ಅವನು ಅಥವಾ ಅವಳು ಅಂಗಡಿಯಲ್ಲಿ ಕೇಳಬೇಕಾದುದು ನಾಲ್ಕೇ ಪ್ರಶ್ನೆ: ಮೆಮೊರಿಗೆ ಖಾಲಿ ಕಂಡಿ ಇದೆಯೆ? ಎಸ್‌.ಎಸ್‌.ಡಿ.ಯನ್ನು ಬದಲಿಸಬಹುದೆ? ಬ್ಯಾಟರಿಯನ್ನು ತಿರುಪಿನಿಂದ ಬಿಗಿದಿದ್ದಾರೆಯೆ, ಅಂಟಿನಿಂದಲೆ? ಹಿಂಬದಿಯ ಹೊದಿಕೆಯನ್ನು ಬಿಚ್ಚಿದರೆ ವಾರಂಟಿ ಉಳಿಯುತ್ತದೆಯೆ? ಮಾರುವವರಿಗೆ ಎಷ್ಟೋ ಸಲ ಇವುಗಳ ಉತ್ತರ ತಿಳಿದಿರುವುದಿಲ್ಲ. ದೊಡ್ಡ ತಯಾರಕರು ತಮ್ಮ ಹಲವು ಲ್ಯಾಪ್‌ಟಾಪುಗಳ ದುರಸ್ತಿ ಕೈಪಿಡಿಗಳನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ಉಚಿತವಾಗಿ ಇಟ್ಟಿದ್ದಾರೆ. ಯಂತ್ರದ ಹೆಸರು, ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಮನೆಗೆ ಬಂದು, ಆ ಕೈಪಿಡಿಯಲ್ಲಿ ಮೆಮೊರಿಯನ್ನು ತೆಗೆಯುವ ಬಗೆಯನ್ನು ವಿವರಿಸಿದ ಪುಟವಿದೆಯೇ ಎಂದು ನೋಡಿದರೆ ಸಾಕು. ಹಣ ಕೊಡುವುದಕ್ಕೆ ಮರುದಿನ ಹೋದರೂ ಆದೀತು.